ಎಡಗೈಯ ಒಂದು ಬೆರಳು

ನಮ್ಮ ಹೊರನಾಡ ಕನ್ನಡ ಸಂಘಗಳ ಭಾವಗೀತೆ ಕಾರ್ಯಕ್ರಮಗಳಲ್ಲಿ ಈಗ ತಬಲಾದವರೂ ಹಾರ್ಮೋನಿಯಂನವರೂ ಅಪರೂಪ. ಒಬ್ಬರು ಕೀಬೋರ್ಡ್ ಹೊತ್ತು ತಂದರೆ ವಾದ್ಯವೃಂದವೇ ಬಂದಂತೆ. ಪುಣೆಯಲ್ಲಿ ಇಂಥ ಕಾರ್ಯಕ್ರಮಗಳ ಖರ್ಚು ನೋಡಿರುವ ನನಗೆ ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆಟೋ ಅಕಂಪನಿಮೆಂಟ್ ಎಂಬ ಗುಂಡಿಯ ಬಗ್ಗೆ.

ಎಡಗೈಯಲ್ಲಿ ಯಾವ ಕಾರ್ಡ್ ಹಿಡಿದಿದ್ದೀರಿ ಎಂದು ಯಂತ್ರ ಗುರುತಿಸಿ, ಆರಿಸಿಟ್ಟ ಸ್ಟೈಲಿನ ಬಾಸ್, ಗಿಟಾರ್, ಸ್ಟ್ರಿಂಗ್ಸ್ ಎಲ್ಲವನ್ನೂ ಅದಕ್ಕೆ ಹೊಂದಿಸಿ ನುಡಿಸುತ್ತದೆ. ಇನ್ನೂ ಸುಲಭದ ದಾರಿ ಒಂದೇ ಬೆರಳಿನದು. ಯಮಹಾ ಆಗಲಿ ಕ್ಯಾಸಿಯೊ ಆಗಲಿ, ಆ ವಿಧಾನದಲ್ಲಿ ಒಂದು ಕೀ ಒತ್ತಿದರೆ ಮೇಜರ್ ಕಾರ್ಡ್ ಬರುತ್ತದೆ.

ಈಗ ಹಾಡು ಮಧ್ಯಮಾವತಿಯಲ್ಲಿದೆ ಎನ್ನಿ. ಸ ರಿ ಮ ಪ ನಿ. ಗಾಂಧಾರ, ಧೈವತ ಎರಡೂ ಇಲ್ಲ. ಷಡ್ಜ ಒತ್ತಿದೊಡನೆ ಯಂತ್ರ ಸ-ಗ-ಪ ಕೂಡಿಸಿ ಅಂತರ ಗಾಂಧಾರ ತಂದು ಸುರಿಯುತ್ತದೆ. ಮೈನರ್ ಮಾಡಿದರೆ ಸಾಧಾರಣ ಗಾಂಧಾರ. ಹಾಡುವವರು ರಿಷಭದಿಂದ ನೇರ ಮಧ್ಯಮಕ್ಕೆ ಹೋದರೆ, ಅವರು ಬಿಟ್ಟ ಸ್ವರ ಹಿಂದಿನಿಂದ ಕೇಳಿಸುತ್ತಿರುತ್ತದೆ. ಪಂಚಮದ ಮೇಲೆ ಮೈನರ್, ನಿಷಾದದ ಮೇಲೆ ಮೇಜರ್ ಹೊಂದುತ್ತವೆ, ನಿಜ. ಆದರೆ ಹಾಡು ಬಂದು ನಿಲ್ಲುವುದು ಷಡ್ಜದಲ್ಲಿ. ಆ ಎರಡರಲ್ಲೂ ಷಡ್ಜವೇ ಇಲ್ಲ!

ಭಾವಗೀತೆಗೆ ರಾಗಶುದ್ಧಿ ಯಾಕೆ ಎನ್ನಬಹುದು. ಬೇಕಿಲ್ಲ. ರಾಜನ್-ನಾಗೇಂದ್ರರ ಚಿತ್ರಗೀತೆಗಳಲ್ಲಿ ಕಾರ್ಡ್‌ಗಳು ಕಿವಿಗೆ ಹಿತವೇ, ಯೋಚಿಸಿ ಇಟ್ಟವು ಅವು. ಇಲ್ಲಿ ಸೇರಿಕೊಳ್ಳುವ ಸ್ವರವನ್ನು ಸಂಯೋಜಕರೂ ಆರಿಸಿಲ್ಲ, ನುಡಿಸುವವರೂ ಆರಿಸಿಲ್ಲ.

ಇದಕ್ಕಿಂತ ನನ್ನನ್ನು ಕಾಡುವುದು ಲಯ. ಹಾರ್ಮೋನಿಯಂಗೂ ಆಕ್ಷೇಪ ತಪ್ಪಿರಲಿಲ್ಲ; ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ನಿಷೇಧಿಸಿ 1971ರವರೆಗೆ ದೂರವಿಟ್ಟಿತ್ತು. ಆದರೂ ಆ ಪೆಟ್ಟಿಗೆ ಹಾಡುಗಾರರಿಗಾಗಿ ಕಾಯುತ್ತಿತ್ತು. ಮೈಸೂರು ಅನಂತಸ್ವಾಮಿಯವರು ಅದನ್ನು ನುಡಿಸುತ್ತಲೇ ಹಾಡುತ್ತಿದ್ದರು. ತಿದಿಯೊತ್ತುವ ಕೈ ಗಂಟಲಿನ ಮಾತು ಕೇಳುತ್ತದೆ. ಸ್ಟೈಲ್ ಕೇಳುವುದಿಲ್ಲ. ಟೆಂಪೊ 96 ಎಂದಿಟ್ಟರೆ ನಿಮಿಷಕ್ಕೆ 96 ಬಡಿತ. ಪದವೊಂದರ ಮೇಲೆ ತುಸು ನಿಂತು ಮುಂದಿನ ಸಾಲು ಎತ್ತೋಣವೆಂದರೆ ಅದು ಆಗಲೇ ಮುಂದಿನ ಆವರ್ತದಲ್ಲಿರುತ್ತದೆ. ನಮ್ಮ ಆಫೀಸಿನ ಡೆಡ್‌ಲೈನುಗಳನ್ನಾದರೂ ಮುಂದೂಡಬಹುದು.

ಕಳೆದ ರಾಜ್ಯೋತ್ಸವದಲ್ಲಿ ಚೆನ್ನಾಗಿ ಹಾಡುವ ಮಹಿಳೆಯೊಬ್ಬರು ಎರಡನೆಯ ಚರಣದಿಂದ ಪದಗಳ ಕೊನೆ ನುಂಗತೊಡಗಿದರು. ಅವರಿಗೆ ಉಸಿರು ಸಾಕಷ್ಟಿತ್ತು; ಸಮಕ್ಕೆ ತಲುಪುವ ಧಾವಂತವಿತ್ತು. ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಕವಿತೆ ಕಿವಿಗೆ ಬೀಳುವುದೇ ಇಂಥ ಸಂಜೆಗಳಲ್ಲಿ. ಅಂದು ಅವರಿಗೆ ಸಿಕ್ಕಿದ್ದು ಅರ್ಧರ್ಧ ಪದ, ಪೂರ್ತಿ ಡ್ರಮ್ಸ್.

ದಾರಿಗಳು ಯಂತ್ರದಲ್ಲೇ ಇವೆ. ಯಮಹಾದಲ್ಲಿ ಅಕಂಪನಿಮೆಂಟ್ ಆಫ್ ಮಾಡಿದರೆ ತಾಳವಾದ್ಯ ಮಾತ್ರ ಉಳಿಯುತ್ತದೆ. ಅದರ ಹಲವು ಮಾದರಿಗಳು ಸ-ಪ ಎರಡನ್ನೇ ಹಿಡಿದರೂ ಕಾರ್ಡ್ ಎಂದು ಒಪ್ಪುತ್ತವೆ, ಗಾಂಧಾರ ಸೇರಿಸುವುದಿಲ್ಲ. ನಿಧಾನದ ಹಾಡಿಗೆ ತಾಳವನ್ನೂ ನಿಲ್ಲಿಸಿ ಬರೀ ಬಲಗೈಯಲ್ಲಿ ಹಿಂಬಾಲಿಸಬಹುದು. ಈ ಸಲದ ಅಭ್ಯಾಸದಲ್ಲಿ ಒಂದು ಹಾಡನ್ನಾದರೂ ಹಾಗೆ ನುಡಿಸಿ ನೋಡಿ ಎಂದು ನಮ್ಮ ಕೀಬೋರ್ಡಿನವರಿಗೆ ಹೇಳಿದ್ದೇನೆ.