ಕಿಟಕಿಯ ಆಚೆ ನಿಂತವನು: ‘ದಿ ಪ್ರೌಲರ್’ ಚಿತ್ರದ ವಿವೇಚನೆ

ಫ್ರೆಂಚ್ ವಿಮರ್ಶಕರು ‘ಫಿಲ್ಮ್ ನ್ವಾರ್’ ಎಂದು ಕರೆದ ಅಮೆರಿಕದ ಅಪರಾಧಚಿತ್ರಗಳ ಚರ್ಚೆಯಲ್ಲಿ ‘ಡಬಲ್ ಇಂಡೆಮ್ನಿಟಿ’ಗೆ (1944) ಸಲ್ಲುವ ಗೌರವ ಜೋಸೆಫ್ ಲೋಸಿಯ ‘ದಿ ಪ್ರೌಲರ್’ಗೆ (1951) ಸಂದಿಲ್ಲ. ಎರಡರಲ್ಲಿಯೂ ಪರಪುರುಷನ ಕೈಯಿಂದ ಗಂಡನ ಕೊಲೆಯಾಗುತ್ತದೆ. ಆದರೆ ಮೊದಲನೆಯದರಲ್ಲಿ ಹೆಣ್ಣು ಮೋಹದ ಬಲೆ ಬೀಸುತ್ತಾಳೆ. ಎರಡನೆಯದರಲ್ಲಿ ಬಲೆಗೆ ಬೀಳುವವಳೇ ಅವಳು. ಲೋಸಿಯ ಕೃತಿಯ ವೈಶಿಷ್ಟ್ಯ ಈ ವ್ಯತ್ಯಾಸದಲ್ಲಿದೆ.

ರಾತ್ರಿ ಒಂಟಿಯಾಗಿದ್ದ ಸೂಸನ್ ಕಿಟಕಿಯಾಚೆ ಯಾರೋ ಇಣುಕಿದುದನ್ನು ಕಂಡು ಪೋಲೀಸರನ್ನು ಕರೆಯುತ್ತಾಳೆ. ರಕ್ಷಣೆಗೆ ಬಂದ ವೆಬ್ ಗಾರ್ವುಡ್ ಅವಳ ಮನೆಗೆ ಮತ್ತೆ ಮತ್ತೆ ಬರತೊಡಗುತ್ತಾನೆ. ಕಳ್ಳಹೆಜ್ಜೆಯವನನ್ನು ಹುಡುಕುವ ನೆಪದಲ್ಲಿಯೇ ಮುಂದೆ ಅವಳ ಗಂಡನನ್ನು ಗುಂಡಿಟ್ಟು ಕೊಲ್ಲುತ್ತಾನೆ. ವಿಚಾರಣೆಯಲ್ಲಿ ಅದು ಆಕಸ್ಮಿಕವೆಂದು ತೀರ್ಮಾನವಾಗುತ್ತದೆ. ಹೊಂಚುಗಾರನು ಸಮವಸ್ತ್ರವನ್ನೇ ತೊಟ್ಟು ಮುಂಬಾಗಿಲಿನಿಂದ ಬರಬಲ್ಲನೆಂಬುದು ಚಿತ್ರದ ಮೂಲ ವ್ಯಂಗ್ಯ. ಇಷ್ಟಕ್ಕೂ ಅವನ ಪರಮಧ್ಯೇಯ ಲಾಸ್ ವೇಗಸ್ಸಿನಲ್ಲಿ ಒಂದು ಮೋಟೆಲಿನ ಒಡೆತನ. ಮಲಗಿರುವಾಗಲೂ ಹಣ ಹುಟ್ಟಿಸುವ ಆಸ್ತಿ. ಈ ಆಸೆ ರಾಕ್ಷಸನದಲ್ಲ, ಸಾಮಾನ್ಯ ಗೃಹಸ್ಥನದು. ಪ್ರೇಕ್ಷಕನು ಅವನನ್ನು ಪರಕೀಯನೆಂದು ದೂರವಿಡಲಾರದಿರುವುದು ಇದರಿಂದಲೇ. ವ್ಯಾನ್ ಹೆಫ್ಲಿನ್ ತನ್ನ ಅಭಿನಯದಲ್ಲಿ ಮಂದಹಾಸವನ್ನೂ ಲೋಭವನ್ನೂ ಬೇರ್ಪಡಿಸಲಾಗದಂತೆ ಬೆಸೆದಿದ್ದಾನೆ.

ಚಿತ್ರದ ಇನ್ನೊಂದು ಸಿದ್ಧಿ ಧ್ವನಿಯ ಬಳಕೆ. ಗಂಡನ ಉದ್ಯೋಗ ರಾತ್ರಿಯ ರೇಡಿಯೋ ಪ್ರಸಾರ. ಹೆಂಡತಿ ಪರಪುರುಷನೊಡನೆ ಇರುವಾಗಲೂ ಅವನ ದನಿ ಕೋಣೆಯಲ್ಲಿ ಕಾವಲಿರುತ್ತದೆ. ಕೊಲೆಯ ಬಳಿಕ, ದಂಪತಿಗಳು ಅಡಗಿರುವ ಕ್ಯಾಲಿಕೊ ಎಂಬ ಹಾಳೂರಿನಲ್ಲಿ, ಧ್ವನಿಮುದ್ರಿಕೆಯಿಂದ ಮತ್ತೆ ಏಳುತ್ತದೆ. ಆ ದನಿ ಡಾಲ್ಟನ್ ಟ್ರಂಬೊನದು. 1947ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಗೆ ಉತ್ತರಿಸಲೊಪ್ಪದೆ ಬಹಿಷ್ಕೃತನಾದ ಅವನು ಚಿತ್ರಕಥೆಯಲ್ಲಿ ದುಡಿದರೂ ಹೆಸರು ಹ್ಯೂಗೊ ಬಟ್ಲರನದಾಯಿತು. ಹೆಸರನ್ನು ಅಳಿಸಿದವರಿಗೆ ದನಿಯನ್ನು ಅಳಿಸಲಾಗಲಿಲ್ಲ. ಲೋಸಿಯೂ ಸ್ವದೇಶವನ್ನು ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಬೇಕಾಯಿತು.

ಮುದ್ರಿಕೆಯ ಪ್ರಸಂಗದಲ್ಲಿ ಆಕಸ್ಮಿಕದ ಮೇಲೆ ಭಾರ ಹೆಚ್ಚಾಗಿದೆಯೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸೂಸನ್ ಸತ್ಯವನ್ನರಿತು, ಹೆರಿಗೆಗೆ ಬಂದ ವೈದ್ಯನ ಜೀವವನ್ನು ಉಳಿಸುವ ಕೊನೆಯ ಭಾಗ ಆ ದೋಷವನ್ನು ಮರೆಸುತ್ತದೆ. ಮಣ್ಣುದಿಣ್ಣೆಯನ್ನು ಹತ್ತಲೆಳಸಿ ಜಾರುತ್ತ, ತನ್ನಂತಹ ಪೋಲೀಸರ ಗುಂಡಿಗೇ ಬೀಳುವ ವೆಬ್ಬನ ಅಂತ್ಯ ಅವನ ಜೀವನದ ಸಾರಾಂಶವೇ ಆಗಿದೆ. ಏರುವ ಹಂಬಲವೊಂದನ್ನೇ ಬಲ್ಲವನಿಗೆ ನಿಲ್ಲಲು ನೆಲವಿರುವುದಿಲ್ಲ.