ಐವತ್ತೈದು ಸೆಕೆಂಡಿನ ಮೋಹನ

ತಿರುಪ್ಪೂರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬನಿಯನ್ ಕಂಪನಿಗೆ ಹೋಗುವವರೂ ಶಾಲೆಗೆ ಹೋಗುವ ಮಕ್ಕಳೂ ಒಂದೇ ರಸ್ತೆಗೆ ಇಳಿಯುತ್ತಾರೆ. ನೆಂಟರ ಮನೆಗೆ ಹೋಗಿದ್ದ ನಾನು ಅವರ ಮೊಮ್ಮಗಳನ್ನು ಬಿಡಲು ಒಂದು ಶಾಲೆಯ ಗೇಟಿನವರೆಗೂ ಹೋದೆ. ಸ್ವಲ್ಪ ತಡವಾಗಿತ್ತು. ಒಳಗೆ ಪ್ರಾರ್ಥನೆ ಶುರುವಾಗಿತ್ತು. ಸಾಲಾಗಿ ನಿಂತ ನೂರಾರು ಮಕ್ಕಳು, ಎದುರಿಗೆ ಒಂದು ಸ್ಪೀಕರ್ ಪೆಟ್ಟಿಗೆ. ಹಾಡು ಬರುತ್ತಿದ್ದದ್ದು ಪೆಟ್ಟಿಗೆಯಿಂದ. ಮಕ್ಕಳ ತುಟಿ ಅಲ್ಲೊಂದು ಇಲ್ಲೊಂದು ಅಲುಗುತ್ತಿತ್ತು, ಅಷ್ಟೇ. ಸಂಜೆ ಆ ಹುಡುಗಿಯನ್ನು ಕೇಳಿದೆ, "ನೀವು ಯಾಕಮ್ಮ ಹಾಡೋದಿಲ್ಲ?" ದೇವಾಂಗರ ಮನೆಯ ಮಗು, ಮನೆಯಲ್ಲಿ ಕನ್ನಡ. "ಪೆಟ್ಟಿಗೇನೇ ಹಾಡುತ್ತಲ್ಲ ತಾತ" ಅಂದಳು.

ಉತ್ತರ ಸರಿಯಾಗಿಯೇ ಇದೆ. ಪೆಟ್ಟಿಗೆ ಹಾಡುವಾಗ ತಾನೇಕೆ ಹಾಡಬೇಕು?

ಹಾಡುತ್ತಿದ್ದದ್ದು ತಮಿಳುತಾಯಿ ವಾಳ್ತ್ತು. ಮನೋನ್ಮಣೀಯಂ ಸುಂದರನಾರ್ ಬರೆದದ್ದು, ಎಂ.ಎಸ್. ವಿಶ್ವನಾಥನ್ ಧಾಟಿ ಕಟ್ಟಿದ್ದು. 2021ರ ಡಿಸೆಂಬರಿನಲ್ಲಿ ಅದನ್ನು ತಮಿಳುನಾಡಿನ ನಾಡಗೀತೆ ಎಂದು ಘೋಷಿಸಿದಾಗ ಸರ್ಕಾರ ಅವಧಿಯನ್ನೂ ಹೇಳಿತು: 55 ಸೆಕೆಂಡು. ರಾಗ ಮೋಹನ, ನಡೆ ತಿಶ್ರ. ಸಮಾರಂಭಗಳಲ್ಲಿ ಯಂತ್ರದಿಂದ ನುಡಿಸದೆ ತರಬೇತಿ ಪಡೆದವರಿಂದ ಹಾಡಿಸಬೇಕು ಎಂದೂ ಅದೇ ಆದೇಶದಲ್ಲಿದೆ. ನಮ್ಮ ನಾಡಗೀತೆಗೆ ಎರಡೂವರೆ ನಿಮಿಷ ಎಂದು ಗೊತ್ತುಮಾಡುವ ಹೊತ್ತಿಗೆ ಎಷ್ಟು ವರ್ಷ ಜಗಳವಾಡಿದೆವು ಎಂಬುದು ಓದುಗರಿಗೆ ನೆನಪಿರಬಹುದು. ಅವಧಿಯ ಬಗ್ಗೆ ನಮಗಿರುವ ಕಾಳಜಿ ಶ್ರುತಿಯ ಬಗ್ಗೆಯೂ ಇದ್ದಿದ್ದರೆ!

ಯೋಚಿಸಿ ನೋಡಿ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಕ್ಕಳ ಕಿವಿಗೆ ದಿನಾ ಬೆಳಿಗ್ಗೆ ಮೋಹನ ಬೀಳುತ್ತದೆ, ಹತ್ತು ಹನ್ನೆರಡು ವರ್ಷ. ಸಂಗೀತದ ಮನೆಯಲ್ಲಿ ಹುಟ್ಟಿದ ಮಗುವಿಗೂ ಒಂದೇ ರಾಗದ ಇಷ್ಟು ಪಾಠ ಸಿಗಲಾರದು. ಆದರೆ ಇದು ಮೋಹನ ಎಂದು ಆ ಮಗುವಿಗೆ ಯಾರೂ ಹೇಳಿಲ್ಲ. ಹೇಳುವುದಕ್ಕೆ ಬೇಕಾದದ್ದು ಒಬ್ಬರು ಮೇಷ್ಟ್ರು, ಒಂದು ಹಳೇ ಹಾರ್ಮೋನಿಯಂ. ಸ, ರಿ, ಗ, ಪ, ದ. ಮ ಇಲ್ಲ, ನಿ ಇಲ್ಲ. ಹಾರ್ಮೋನಿಯಂನಲ್ಲಿ ಮೂರು ಕಪ್ಪು ಕೀಗಳು ಒಟ್ಟಿಗಿರುವ ಕಡೆ ಮೊದಲನೆಯದನ್ನು ಷಡ್ಜ ಅಂದುಕೊಂಡು, ಬಿಳಿಯದನ್ನು ಮುಟ್ಟದೆ ಬರೀ ಕಪ್ಪಿನ ಮೇಲೆ ಬೆರಳಾಡಿಸಿದರೆ ಸಾಕು, ಮೋಹನದ ಐದು ಸ್ವರ ತಾವಾಗಿ ಬರುತ್ತವೆ. ಎಂಟು ವರ್ಷದ ಮಗುವಿನ ಕೈಗೆ ಇದನ್ನು ಒಮ್ಮೆ ಕೊಟ್ಟು ನೋಡಬೇಕು. ಬೆಳಿಗ್ಗೆ ಕೇಳಿದ್ದನ್ನು ಅದು ತಡಕಾಡಿ ಹುಡುಕಿಕೊಳ್ಳುತ್ತದೆ. ಸಿಕ್ಕಿದ ಕ್ಷಣ ಮುಖ ಎತ್ತಿ ನಮ್ಮನ್ನು ನೋಡುತ್ತದಲ್ಲ, ಸಂಗೀತ ಪಾಠ ಅಂದರೆ ಅದು. ಮಿಕ್ಕದ್ದು ಅಭ್ಯಾಸ.

ಈ ಸೀಮೆಯಲ್ಲಿ ಹಿಂದೆ ಸಂಗೀತವನ್ನು ಯಾರು ಎಲ್ಲಿ ಕಲಿತರು ಎಂದು ನೋಡಿದರೆ ಶಾಲೆಯ ಹೆಸರೇ ಬರುವುದಿಲ್ಲ. ಆ ಧಾಟಿ ಕಟ್ಟಿದ ವಿಶ್ವನಾಥನ್ ಹುಡುಗನಾಗಿದ್ದಾಗ ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ ಜ್ಯೂಪಿಟರ್ ಪಿಕ್ಚರ್ಸ್‌ನವರಿಗೆ ಕಾಫಿ ತಂದುಕೊಡುತ್ತಾ, ಎಸ್.ಎಂ. ಸುಬ್ಬಯ್ಯ ನಾಯ್ಡು ಅವರ ವಾದ್ಯಗಾರರ ಸುತ್ತ ಸುಳಿದಾಡುತ್ತಾ ಕಿವಿ ತುಂಬಿಕೊಂಡವರು. ಅದಕ್ಕೂ ಮೊದಲು ಕೊಯಮತ್ತೂರು ತಾಯಿ. ಹೆಸರು ಪಳನಿಕುಂಜರಂ, 1872ರಲ್ಲಿ ಹುಟ್ಟಿ 1917ರಲ್ಲಿ ತೀರಿಕೊಂಡ ಗ್ರಾಮಫೋನ್ ಯುಗದ ಮೊದಲ ತಾರೆಗಳಲ್ಲೊಬ್ಬಳು, ದೇವದಾಸಿ ಮನೆತನದವಳು. ಆಕೆಯ ತಟ್ಟೆ ಕೇಳಿ ಮರುಳಾದ ಫ್ರಾನ್ಸಿನ ಮೋರಿಸ್ ದಲಾಜ್ ಅದರಲ್ಲಿದ್ದ ರಾಗಮಾಲಿಕೆಯನ್ನು ಕಂಠಕ್ಕೂ ಪಿಯಾನೊಗೂ ಅಳವಡಿಸಿದ. ನಮ್ಮ ತಾಳವಾದ್ಯದ ಸದ್ದು ಬರಲಿ ಎಂದು ಪಿಯಾನೊದ ತಂತಿಗೆ ರಟ್ಟಿನ ತುಂಡು ಸಿಕ್ಕಿಸಿದ. ಆಕೆಗೆ ಪಾಠಶಾಲೆ ಮನೆಯ ಹಜಾರ.

ಕನ್ನಡದ ಮಟ್ಟಿಗಂತೂ ಹೇಳಲೇಬೇಕಾದ ಹೆಸರು ಇನ್ನೊಂದು. 1929ರಲ್ಲಿ ಮುತ್ತುರಾಜ, ಅಂದರೆ ಮುಂದಿನ ರಾಜ್‌ಕುಮಾರ್, ಹುಟ್ಟಿದ ತಾಳವಾಡಿಯ ಗಾಜನೂರು ಆಗ ಕೊಯಮತ್ತೂರು ಜಿಲ್ಲೆಯ ಊರು. ತಂದೆ ಪುಟ್ಟಸ್ವಾಮಯ್ಯನವರ ಸಿಂಗಾನಲ್ಲೂರು ಇರುವ ಕೊಳ್ಳೇಗಾಲ ತಾಲ್ಲೂಕು ಕೂಡ 1956ರವರೆಗೆ ಅದೇ ಜಿಲ್ಲೆ. (ಕೊಯಮತ್ತೂರು ನಗರದಲ್ಲೇ ಕೆರೆಯ ಪಕ್ಕ ಇನ್ನೊಂದು ಸಿಂಗಾನಲ್ಲೂರು ಇದೆ. ಅದೇ ಅಣ್ಣಾವ್ರ ಊರು ಎಂದು ಫೋಟೊ ತೆಗೆಸಿಕೊಂಡು ಬಂದವರನ್ನು ನಾನು ಬಲ್ಲೆ.) ಪ್ರಾಥಮಿಕ ಶಾಲೆಯನ್ನೇ ಪೂರೈಸದ ಆ ಹುಡುಗನಿಗೆ ಸ್ವರ, ಲಯ, ಉಚ್ಚಾರ ಎಲ್ಲವನ್ನೂ ಕಲಿಸಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿ. 'ಜೀವನ ಚೈತ್ರ'ದ ಹಾಡಿಗೆ 1992ರ ರಾಷ್ಟ್ರಪ್ರಶಸ್ತಿ ಬಂದಾಗ ರಾಜ್‌ಕುಮಾರ್ ಅರವತ್ತು ದಾಟಿದ್ದರು. ಆ ಗಂಟಲಿನ ಹಿಂದೆ ಇದ್ದದ್ದು ಕಂಪನಿ ಮನೆಯ ತಾಲೀಮು. ಅದೇ ಕೊಳ್ಳೇಗಾಲದ ಬೆಟ್ಟದಲ್ಲಿ ಕಂಸಾಳೆ ಹಿಡಿದು ರಾತ್ರಿಯಿಡೀ ಮಾದಪ್ಪನ ಕಥೆ ಹಾಡುವ ದೇವರಗುಡ್ಡರೂ ಇನ್ಯಾರದೋ ಬೆನ್ನ ಹಿಂದೆ ನಡೆದು ಕಲಿತವರೇ.

ಹಾಗಾದರೆ ಶಾಲೆಯಲ್ಲಿ ಸಂಗೀತ ಯಾಕೆ ಬೇಕು ಅಂತೀರಾ? ಆ ಪುಕ್ಕಟೆ ಶಾಲೆಗಳೆಲ್ಲ ಮುಚ್ಚಿಹೋದವಲ್ಲ, ಅದಕ್ಕೇ. ದೇವದಾಸಿ ಪದ್ಧತಿಯನ್ನು ಮದ್ರಾಸ್ ಪ್ರಾಂತ್ಯ 1947ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ನಾಟಕ ಕಂಪನಿಗಳು ಹೋದವು, ಸ್ಟುಡಿಯೋಗಳು ಹೋದವು. ಈಗ ಕಾಸಿದ್ದವರ ಮಕ್ಕಳು ಕೊಯಮತ್ತೂರಿನ ಆರ್.ಎಸ್. ಪುರದಲ್ಲೋ ಆನ್‌ಲೈನಿನಲ್ಲೋ ಪಾಠಕ್ಕೆ ಹೋಗುತ್ತಾರೆ. ಓವರ್‌ಲಾಕ್ ಮೆಷಿನ್ ತುಳಿಯುವ ತಾಯಿಯ ಮಗುವಿಗೆ ಫೀಸಿಲ್ಲದೆ ಸಂಗೀತ ಸಿಗಬಹುದಾದ ಜಾಗ ಸರ್ಕಾರಿ ಶಾಲೆ ಒಂದೇ.

ಅಲ್ಲಿ ಏನಿದೆ? 2012ರಲ್ಲಿ ತಮಿಳುನಾಡು ಸರ್ಕಾರ 16,549 ಅರೆಕಾಲಿಕ ವಿಶೇಷ ಶಿಕ್ಷಕರನ್ನು ತೆಗೆದುಕೊಂಡಿತು. ಚಿತ್ರಕಲೆ, ಆಟ, ಹೊಲಿಗೆ, ಸಂಗೀತ ಎಲ್ಲ ಒಂದೇ ಚೀಲದಲ್ಲಿ. ವಾರಕ್ಕೆ ಮೂರು ಅರ್ಧ ದಿನ, ತಿಂಗಳಿಗೆ 5,000 ರೂಪಾಯಿ. ಆಮೇಲೆ ಸಂಬಳ ಏರಿದೆ, ಆದರೂ ಅದು ಸಂಸಾರ ನಡೆಯುವ ಮೊತ್ತವಲ್ಲ. ಕೊಯಮತ್ತೂರಿನ ಹೊರಗೆ ಮಲುಮಿಚ್ಚಂಪಟ್ಟಿಯಲ್ಲಿ ಸರ್ಕಾರದ್ದೇ ಸಂಗೀತ ಕಾಲೇಜಿದೆ. ಅಲ್ಲಿ ಕಲಿತವರನ್ನು ಪಕ್ಕದ ಶಾಲೆಗೆ ಪೂರ್ಣಾವಧಿಗೆ ಕಳಿಸಲು ಯಾವ ಸಂಶೋಧನೆಯೂ ಬೇಕಿಲ್ಲ. ನಮ್ಮ ಕರ್ನಾಟಕದ ಶಾಲೆಗಳ ಸ್ಥಿತಿಯೂ ಬೀಗುವಂಥದ್ದಲ್ಲ ಬಿಡಿ.

ಸಂಗೀತ ಕಲಿತರೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಕೆಲವರು ಪೋಷಕರನ್ನು ಒಪ್ಪಿಸಲು ನೋಡುತ್ತಾರೆ. ನಾನು ಐದು ವರ್ಷ ಪಾಠಕ್ಕೆ ಹೋದವನು, ಲೆಕ್ಕದಲ್ಲಿ ಎರಡು ಸಲ ಕೂತವನು. ಲೆಕ್ಕಕ್ಕೆ ಲೆಕ್ಕದ ಮೇಷ್ಟ್ರಿದ್ದಾರೆ. ಮೋಹನ ಕಲಿಯುವುದು ಮೋಹನಕ್ಕಾಗಿ.

ಆಸೆ ಹುಟ್ಟಿಸುವ ಒಂದು ಸಂಗತಿ ಮಾತ್ರ ಈ ಎರಡು ಜಿಲ್ಲೆಗಳಲ್ಲಿ ಇವತ್ತಿಗೂ ಜೀವಂತ: ವಳ್ಳಿ ಕುಮ್ಮಿ. ಮುರುಗ-ವಳ್ಳಿಯರ ಕಥೆಯನ್ನು ಹಾಡುತ್ತಾ ಹೆಜ್ಜೆ ಹಾಕುವ ಆಟ. ಗಂಡಸರದ್ದೇ ಆಗಿದ್ದ ಅದನ್ನು ಹೆಣ್ಣುಮಕ್ಕಳಿಗೂ ಕಲಿಸಿದ ಕೊಯಮತ್ತೂರು ಜಿಲ್ಲೆಯ ಬದ್ರಪ್ಪನ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು, ಎಂಬತ್ತೇಳರ ವಯಸ್ಸಿನಲ್ಲಿ. ಊರ ಮೈದಾನದಲ್ಲಿ ಸಂಜೆ ಕುಮ್ಮಿ ಕಲಿಸುವ ಇಂಥ ಗುರುಗಳಿಗೆ ಹಗಲು ಶಾಲೆಯ ಗೇಟು ತೆರೆದರೆ ಆಗುವ ನಷ್ಟವೇನು? ಪದವಿ ಪತ್ರ ಕೇಳಬೇಡಿ, ಹಾಡಿಸಿ ನೋಡಿ.

ಅದೆಲ್ಲ ಸರ್ಕಾರದ ಕೆಲಸ, ನಿಧಾನ ಆಗುತ್ತದೆ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಸಣ್ಣ ಕೋರಿಕೆ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಆ ಪೆಟ್ಟಿಗೆಯ ಸ್ವಿಚ್ ಹಾಕಬೇಡಿ. ಗಂಟಲಿರುವ ಇಬ್ಬರು ಮಕ್ಕಳನ್ನು ಮುಂದೆ ನಿಲ್ಲಿಸಿ, ಉಳಿದವರು ಹಿಂದೆ ಹಾಡಲಿ. ಮೊದಲ ವಾರ ಶ್ರುತಿ ಅತ್ತಿತ್ತ ಆಗುತ್ತದೆ, ಐವತ್ತೈದು ಸೆಕೆಂಡು ಎಪ್ಪತ್ತಾಗುತ್ತದೆ. ಆಗಲಿ ಬಿಡಿ.