ಲುಂಡ್ ನಗರದ ತರಂಗ ಮಾಪನಗಳು: ಸಾಕ್ಷ್ಯದ ದೃಷ್ಟಿಯಿಂದ ಒಂದು ವಿಮರ್ಶೆ

ಮೊಬೈಲ್ ದೂರವಾಣಿಯ ಕೇಂದ್ರವೊಂದರಲ್ಲಿ ನೂರಾರು ಆಂಟೆನಾಗಳನ್ನು ಕೂಡಿಸಿದರೆ, ಒಂದೇ ಆವರ್ತನದಲ್ಲಿ ಏಕಕಾಲಕ್ಕೆ ಮಾತನಾಡುವ ಅನೇಕರ ಸಂಜ್ಞೆಗಳನ್ನು ಬೆರೆಯದಂತೆ ಬೇರ್ಪಡಿಸಬಹುದೆಂಬ ಸಿದ್ಧಾಂತವನ್ನು ಬೆಲ್ ಪ್ರಯೋಗಾಲಯದ ಥಾಮಸ್ ಮಾರ್ಜೆಟ್ಟಾ 2010ರಲ್ಲಿ ಮಂಡಿಸಿದರು. ಪ್ರತಿಯೊಂದು ಆಂಟೆನಾಕ್ಕೆ ತರಂಗವು ಬರುವ ಮಾರ್ಗದ ಏರಿಳಿತವು ಉಳಿದವುಗಳಿಂದ ಸ್ವತಂತ್ರವೆಂಬುದು ಅಲ್ಲಿಯ ಊಹೆ. ಊರಿನ ಗೋಡೆ, ಮರ, ಮಾಳಿಗೆಗಳು ಈ ಊಹೆಯನ್ನು ಮನ್ನಿಸುವುವೆ? ಇದನ್ನು ಹೊರಾಂಗಣದಲ್ಲಿಯೇ ಅಳೆದು ನೋಡಿದ ಲೇಖನಗಳಲ್ಲಿ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಗಾವ್, ಎಡ್ಫೋರ್ಸ್, ರುಸೆಕ್, ಟುಫ್ವೆಸನ್ ಎಂಬ ನಾಲ್ವರು 2015ರಲ್ಲಿ ಪ್ರಕಟಿಸಿದುದು ಗಣ್ಯವಾದುದು. ಅದರ ಗಣಿತವನ್ನು ತೂಗುವುದು ನಮ್ಮ ಅಧಿಕಾರಕ್ಕೆ ಮೀರಿದ ಮಾತು. ಆದರೆ ಸಾಕ್ಷ್ಯಪರೀಕ್ಷೆಯು ಇತಿಹಾಸಾಧ್ಯಯನ ಮಾಡುವವರ ನಿತ್ಯದ ಉದ್ಯೋಗ. ಆ ಮಟ್ಟಿಗೆ ಇಲ್ಲಿ ನಾಲ್ಕು ಮಾತನ್ನು ಹೇಳಬಯಸುತ್ತೇವೆ.

2.6 ಗಿಗಾಹರ್ಟ್ಸ್ ಆವರ್ತನದಲ್ಲಿ, ವಿಶ್ವವಿದ್ಯಾನಿಲಯದ ಕಟ್ಟಡವೊಂದರ ಮಾಳಿಗೆಯ ಮೇಲೆ, ಎರಡು ಬಗೆಯ ವ್ಯೂಹಗಳಿಂದ ಅಳತೆ ನಡೆಯಿತು. ಒಂದು, 128 ದ್ವಾರಗಳ, ಸುಮಾರು 30 ಸೆಂಟಿಮೀಟರ್ ವ್ಯಾಸದ ಉರುಳೆ. ಇನ್ನೊಂದು, 7 ಮೀಟರಿಗೂ ಮಿಕ್ಕ ಉದ್ದದ ನೇರ ಸಾಲು. ಈ ಎರಡನೆಯದು ವಾಸ್ತವವಾಗಿ ವ್ಯೂಹವೇ ಅಲ್ಲ. ಒಂದೇ ಆಂಟೆನಾವನ್ನು ಅರ್ಧ ತರಂಗಾಂತರದಷ್ಟು, ಎಂದರೆ 6 ಸೆಂಟಿಮೀಟರಿಗೂ ಕಡಮೆ ದೂರ, ಸರಿಸುತ್ತ 128 ಸ್ಥಾನಗಳಲ್ಲಿ ಅಳೆದು, ಆ ಅಳತೆಗಳನ್ನು ಕೂಡಿಸಿ ಸಾಲೆಂದು ಭಾವಿಸಿದ್ದಾರೆ. ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತು ಪರಿಸರವು ಕದಲಬಾರದಷ್ಟೆ; ಆದಕಾರಣ ಜನ, ವಾಹನಗಳ ಓಡಾಟ ವಿರಳವಾದ ರಾತ್ರಿಯನ್ನು ಆರಿಸಿಕೊಂಡರು.

ಹೀಗೆ ಬೇರೆಬೇರೆ ಕ್ಷಣಗಳ 128 ಹೇಳಿಕೆಗಳನ್ನು ಒಂದೇ ಕ್ಷಣದ ಹೇಳಿಕೆಯೆಂದು ಓದಲಾಗಿದೆ. ಅರಸನೊಬ್ಬನ ಆಳ್ವಿಕೆಯ ಮೊದಲ ವರ್ಷದ ಶಾಸನವನ್ನೂ ಕಡೆಯ ವರ್ಷದ ಶಾಸನವನ್ನೂ ಜೋಡಿಸಿ ಒಂದು ದಿನದ ರಾಜ್ಯವಿಸ್ತಾರವನ್ನು ನಿರ್ಣಯಿಸುವವರಿಗೆ ನಾವು ಹೇಳುವ ಎಚ್ಚರಿಕೆಯು ಇಲ್ಲಿಯೂ ಸಲ್ಲತಕ್ಕದ್ದು. ಲೇಖಕರು ಇದನ್ನು ಮರೆಮಾಚಿಲ್ಲವೆಂಬುದು ಅವರ ಪ್ರಾಮಾಣಿಕತೆಗೆ ಭೂಷಣ. ಅಲ್ಲದೆ, ಒತ್ತಾಗಿ ನಿಂತ ನಿಜವಾದ ಆಂಟೆನಾಗಳು ಒಂದರ ಮೇಲೊಂದು ಬೀರುವ ಪ್ರಭಾವವೂ ಈ ಕಲ್ಪಿತ ಸಾಲಿನಲ್ಲಿ ಕಾಣಿಸಿಕೊಳ್ಳಲಾರದು.

ಆದರೂ ಈ ಸಾಕ್ಷ್ಯ ದುರ್ಬಲವೆಂದು ತಳ್ಳಿಬಿಡುವುದು ಅನ್ಯಾಯ. ಸಾಲಿನ ಒಂದು ತುದಿಗೆ ಬಲವಾಗಿ ತಲಪಿದ ತರಂಗವು ಇನ್ನೊಂದು ತುದಿಯಲ್ಲಿ ಕ್ಷೀಣವಾಗಿರುವುದುಂಟೆಂದು ಅಳತೆಗಳಿಂದ ವಿದಿತವಾಗುತ್ತದೆ. ಇಷ್ಟು ಉದ್ದದ ಸಾಲಿಗೆ, ಈ ಆವರ್ತನದಲ್ಲಿ, ತರಂಗಮುಖವು ಸಮತಲವೆಂದು ಹಿಡಿಯಬೇಕಾದರೆ ಬಳಕೆದಾರನು ಸುಮಾರು 900 ಮೀಟರಿಗೂ ಆಚೆ ಇರಬೇಕು. ವಿದ್ಯಾಲಯದ ಆವರಣದಲ್ಲಿ ನಿಂತವನಿಗೆ ಆ ಸರಳ ಲೆಕ್ಕ ಸಲ್ಲದು. ಮತ್ತೂ ಒಂದು ಮಾತು: ಕೇಂದ್ರಕ್ಕೆ ನೇರವಾಗಿ ಕಾಣುವಂತೆ ಹತ್ತಿರ ಹತ್ತಿರ ನಿಂತವರನ್ನು ಬೇರ್ಪಡಿಸುವುದರಲ್ಲಿ ಉದ್ದನೆಯ ಸಾಲು ಉರುಳೆಗಿಂತ ಮೇಲಾಯಿತು. ಸಂಖ್ಯೆ ಎರಡರಲ್ಲಿಯೂ 128. ಆಕಾರದಿಂದಲೇ ಫಲ ಭೇದಿಸಿತು. ಲೇಖನದ ಅತ್ಯಂತ ಬೆಲೆಯುಳ್ಳ ಅಂಶ ಇದೇ ಎಂದು ನಮ್ಮ ಅಭಿಪ್ರಾಯ.

ಸಿದ್ಧಾಂತವು ಹೇಳಿದ ಫಲದ ಬಹುಭಾಗವು ನಿಜವಾದ ಪರಿಸರದಲ್ಲಿಯೂ ಲಭ್ಯವೆಂಬ ಲೇಖಕರ ನಿರ್ಣಯವನ್ನು, ಸಾಲಿನ ಮಟ್ಟಿಗೆ, ನಿಶ್ಚಲರಾದ ಬಳಕೆದಾರರಿಗೂ ರಾತ್ರಿಯ ಆವರಣಕ್ಕೂ ಸೀಮಿತಗೊಳಿಸಿ ಒಪ್ಪುತ್ತೇವೆ. ವಿದ್ಯಾರ್ಥಿಗಳು ಅದನ್ನು ಉದ್ಧರಿಸುವಾಗ ಆ ರಾತ್ರಿಯನ್ನು ಬಿಟ್ಟು ಉದ್ಧರಿಸಬಾರದು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಲುಂಡ್‌ನಲ್ಲಿಯೇ, 100 ನಿಜವಾದ ಆಂಟೆನಾಗಳಿಂದ ನಡೆದು ಹೋಗುವವರನ್ನೂ ಚಲಿಸುವ ಕಾರನ್ನೂ ಅಳೆದಿದ್ದಾರೆ. ಆದರೆ ಆ ವ್ಯೂಹ ಬಹಳ ಗಿಡ್ಡದು. 7 ಮೀಟರಿನ ಸಾಲು ಹಗಲಿನ ಸಂಚಾರದ ನಡುವೆ ಹೇಗೆ ವರ್ತಿಸುವುದೆಂಬುದಕ್ಕೆ ಅದು ಸಾಕ್ಷಿಯಾಗಲಾರದು.